ಗೆಂಡೆ ಮೀನಿನ ಆಹಾರದಲ್ಲಿ ಮೀನಿನ ಪುಡಿಯ ಬದಲು ಸಸ್ಯ ಪ್ರೋಟೀನ್: ಲೆಕ್ಕ ತಪ್ಪದೆ ಬದಲಾಯಿಸುವ ಕ್ರಮ

ಒಂದು ಕಿಲೋ ಮೀನಿನ ಪುಡಿ ತಯಾರಾಗಲು ನಾಲ್ಕರಿಂದ ಐದು ಕಿಲೋ ಹಸಿ ಮೀನು ಬೇಕು. ನಮ್ಮ ಕರಾವಳಿಯಲ್ಲಿ ಉಳ್ಳಾಲ, ಮಲ್ಪೆ ಮುಂತಾದೆಡೆಯ ಕಾರ್ಖಾನೆಗಳಿಗೆ ಬೂತಾಯಿಯ ಜೊತೆಗೆ ಟ್ರಾಲ್ ಬಲೆಗೆ ಸಿಕ್ಕ ಸಣ್ಣಪುಟ್ಟ ಮೀನು ಹೋಗುತ್ತದೆ. ಅದರಲ್ಲಿ ಇನ್ನೂ ಬೆಳೆಯಬೇಕಿದ್ದ ಮರಿಗಳೂ ಇರುತ್ತವೆ. ಜಗತ್ತಿಗೆ ಅತಿ ಹೆಚ್ಚು ಮೀನಿನ ಪುಡಿ ಒದಗಿಸುವ ಪೆರು ದೇಶದಲ್ಲಿ 2023ರ ಮೊದಲ ಆಂಚೊವಿ ಮೀನುಗಾರಿಕೆ ಹಂಗಾಮನ್ನು, ಬಲೆಗೆ ಬರುತ್ತಿದ್ದುದರಲ್ಲಿ ಮರಿಗಳೇ ಹೆಚ್ಚಾಗಿದ್ದುದರಿಂದ, ಸರ್ಕಾರವೇ ರದ್ದುಪಡಿಸಬೇಕಾಯಿತು. ಇಂಥ ಪ್ರತಿಯೊಂದು ಏರುಪೇರಿನ ಬಿಸಿ, ಸಮುದ್ರವನ್ನೇ ಕಾಣದ ಒಳನಾಡಿನ ಕೊಳಗಳಲ್ಲಿ ಕಾಟ್ಲಾ, ರೋಹು ಸಾಕುವವರ ಆಹಾರದ ಖರ್ಚಿಗೂ ತಟ್ಟುತ್ತದೆ. ತಟ್ಟಲೇಬೇಕೆಂದೇನೂ ಇಲ್ಲ. ಗೆಂಡೆ ಜಾತಿಯ ಮೀನುಗಳು ಸ್ವಭಾವತಃ ಪಾಚಿ, ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು), ಕೊಳೆತ ಸಸ್ಯಾಂಶಗಳನ್ನು ತಿಂದು ಬದುಕುವಂಥವು. ಮೀನಿನ ಪುಡಿಯಿಲ್ಲದ ಆಹಾರಕ್ಕೆ ಅವುಗಳಷ್ಟು ಸುಲಭವಾಗಿ ಹೊಂದಿಕೊಳ್ಳುವ ಸಾಕುಮೀನುಗಳು ಕಡಿಮೆ. ಮಾಂಸಾಹಾರಿಯಾದ ಸಾಲ್ಮನ್ ಮೀನಿನ ಆಹಾರದಲ್ಲೇ ನಾರ್ವೆಯವರು ಸಮುದ್ರಮೂಲದ ಪದಾರ್ಥಗಳ ಪಾಲನ್ನು 1990ರಲ್ಲಿದ್ದ ಸುಮಾರು ಶೇ 90ರಿಂದ 2013ರ ವೇಳೆಗೆ ಸುಮಾರು ಶೇ 30ಕ್ಕೆ ಇಳಿಸಿದ್ದಾರೆ ಎಂಬುದನ್ನು ನೋಡಿದರೆ, ಗೆಂಡೆ ಸಾಕುವವರು ಹಿಂಜರಿಯಲು ಕಾರಣವೇ ಇಲ್ಲ.

ಆದರೂ ಈ ಬದಲಾವಣೆ ಮಾಡಿ ಕೈಸುಟ್ಟುಕೊಂಡವರು ಇದ್ದಾರೆ, ಮತ್ತು ಬಹುಪಾಲು ಪ್ರಸಂಗಗಳಲ್ಲಿ ಕಾರಣ ಒಂದೇ: ಮೀನಿನ ಪುಡಿಯ ಚೀಲವನ್ನು ಪಕ್ಕಕ್ಕಿಟ್ಟು, ಅಷ್ಟೇ ಪ್ರೋಟೀನ್ ಬರುವಷ್ಟು ಕಡಲೆಕಾಯಿ ಹಿಂಡಿಯನ್ನು ಸುರಿದುಬಿಡುವುದು. ಪ್ರೋಟೀನ್ ಶೇಕಡಾವಾರು ಸರಿಹೋದರೂ ಅದನ್ನು ಕಟ್ಟುವ ಇಟ್ಟಿಗೆಗಳಾದ ಅಮೈನೋ ಆಮ್ಲಗಳು, ಜೀರ್ಣವಾಗುವ ರಂಜಕ (ಫಾಸ್ಫರಸ್) ಮತ್ತು ಕೊಬ್ಬು ಸರಿಹೋಗುವುದಿಲ್ಲ. ಈ ಮೂರನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕಿ ತುಂಬಿಕೊಡುವ ವಿಧಾನವನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ.

ಮೊದಲು: ನಿಮ್ಮ ಮೀನು ಯಾವುದು, ಯಾವ ವಯಸ್ಸಿನದು, ಎಂಥ ನೀರಿನಲ್ಲಿದೆ

ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮತ್ತು ಹುಲ್ಲುಗೆಂಡೆಗಳನ್ನು ಬೆರಳುದ್ದ ದಾಟಿದ ನಂತರ ಮೀನಿನ ಪುಡಿಯೇ ಇಲ್ಲದ ಆಹಾರದಲ್ಲಿ ಬೆಳೆಸಬಹುದು. ತಿಲಾಪಿಯಾ ಮತ್ತು ಪಂಗಾಸಿಯಸ್‌ಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಆದರೆ ಮೊಟ್ಟೆಯೊಡೆದು ಬಂದ ಮರಿಯಿಂದ ಬೆರಳುದ್ದದ ಮರಿಯವರೆಗಿನ ಹಂತದಲ್ಲಿ ಮೀನಿನ ಪುಡಿಯನ್ನು ಪೂರ್ತಿ ಬಿಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಆ ವಯಸ್ಸಿನಲ್ಲಿ ಮರಿಗೆ ಆಹಾರದ ಶೇ 35ರಿಂದ 40ರಷ್ಟು ಪ್ರೋಟೀನ್ ಬೇಕು, ಅದರ ಕರುಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ತಿನ್ನುವ ಒಟ್ಟು ಪ್ರಮಾಣವೂ ಅಲ್ಪ. ಹಾಗಾಗಿ ಮೀನಿನ ಪುಡಿ ಉಳಿಸಿ ಸಿಗುವ ಲಾಭ ಚಿಲ್ಲರೆ, ಮರಿ ಕುಂಠಿತವಾದರೆ ಆಗುವ ನಷ್ಟ ದೊಡ್ಡದು. ಕೊರಮೀನು, ಸೀಬಾಸ್‌ನಂಥ ಬೇಟೆಮೀನುಗಳ ಲೆಕ್ಕವೇ ಬೇರೆ. ಸಿಗಡಿಯದು ಇನ್ನೂ ಬೇರೆ. ಮುಂದಿನ ಸೂತ್ರವನ್ನು ಅವುಗಳಿಗೆ ಬಳಸಬಾರದು.

ನೀರಿನ ವಿಷಯ ಇಷ್ಟೇ ಮುಖ್ಯವಾದುದು. ಮಣ್ಣಿನ ತಳವಿರುವ, ಸಗಣಿ ಗೊಬ್ಬರ ಹಾಕಿ ನೀರು ಹಸಿರುಗಂದು ಬಣ್ಣಕ್ಕೆ ತಿರುಗಿದ ಕೊಳದಲ್ಲಿ ಮೀನು ನಾವು ಕೊಡುವ ಆಹಾರವನ್ನಷ್ಟೇ ನೆಚ್ಚಿಕೊಂಡಿರುವುದಿಲ್ಲ. ಪ್ಲವಕಗಳಿಂದ ಅದಕ್ಕೆ ಉತ್ತಮ ಗುಣಮಟ್ಟದ ಪ್ರೋಟೀನ್, ಜೀವಸತ್ವ ಮತ್ತು ಒಳ್ಳೆಯ ಕೊಬ್ಬು ಸಿಗುತ್ತಿರುತ್ತದೆ. ಹಿಂದಿನಿಂದಲೂ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಸಮ ಬೆರೆಸಿ ಕೊಟ್ಟೇ ಮೀನು ಬೆಳೆಸಿದವರ ಯಶಸ್ಸಿನ ಗುಟ್ಟು ಅದೇ. ಕೃಷಿಭಾಗ್ಯದಂಥ ಯೋಜನೆಯಡಿ ತೋಡಿಸಿದ, ತಳಕ್ಕೆ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದಲ್ಲಿ ಈ ನೈಸರ್ಗಿಕ ಆಹಾರ ಬಹಳ ಕಡಿಮೆ. ಸಿಮೆಂಟ್ ತೊಟ್ಟಿಯಲ್ಲಿ ಬಹುತೇಕ ಇಲ್ಲವೇ ಇಲ್ಲ. ಅಂಥಲ್ಲಿ ಆಹಾರದ ಪ್ರತಿಯೊಂದು ಕೊರತೆಯೂ ನೇರವಾಗಿ ಮೀನಿನ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಹಾಸಿನ ಹೊಂಡವಿರುವವರು ಮೀನಿನ ಪುಡಿಯನ್ನು ಸೊನ್ನೆಗೆ ಇಳಿಸುವ ಬದಲು ಶೇ 5ಕ್ಕೆ ನಿಲ್ಲಿಸುವುದು ಮೇಲು.

ಎರಡನೆಯದು: ಮೀನಿನ ಪುಡಿ ಹೋದರೆ ಏನೇನು ಹೋಗುತ್ತದೆ ಎಂದು ಪಟ್ಟಿ ಮಾಡಿಕೊಳ್ಳಿ

ಒಳ್ಳೆಯ ಮೀನಿನ ಪುಡಿಯಲ್ಲಿ ಶೇ 60ರಿಂದ 65ರಷ್ಟು ಪ್ರೋಟೀನ್ ಇರುತ್ತದೆ. ನಮ್ಮಲ್ಲಿ ಒಣಮೀನು ಅರೆದು ಮಾರುವ ಪುಡಿಯಲ್ಲಿ ಅದಕ್ಕಿಂತ ಕಡಿಮೆ, ಮರಳು ಮತ್ತು ಉಪ್ಪು ಹೆಚ್ಚು. ಈ ಪ್ರೋಟೀನಿನ ಪ್ರತಿ 100 ಗ್ರಾಂನಲ್ಲಿ ಸುಮಾರು 7.5 ಗ್ರಾಂ ಲೈಸಿನ್, 2.8 ಗ್ರಾಂ ಮೆಥಿಯೊನಿನ್ ಎಂಬ ಅಮೈನೋ ಆಮ್ಲಗಳು ಇರುತ್ತವೆ. ಸಾಮಾನ್ಯ ಗೆಂಡೆಗೆ ಪ್ರತಿ 100 ಗ್ರಾಂ ಪ್ರೋಟೀನಿನಲ್ಲಿ ಬೇಕಿರುವ ಲೈಸಿನ್ 5.7 ಗ್ರಾಂ, ಮೆಥಿಯೊನಿನ್ ಮತ್ತು ಸಿಸ್ಟಿನ್ ಎರಡೂ ಸೇರಿ 3.1 ಗ್ರಾಂ. ಅಂದರೆ ಮೀನಿನ ಪುಡಿ ತನ್ನ ಪಾಲನ್ನು ಪೂರೈಸಿ, ಜೊತೆಗಿರುವ ಹಿಂಡಿ-ತೌಡುಗಳ ಕೊರತೆಯನ್ನೂ ಸ್ವಲ್ಪ ಮುಚ್ಚುತ್ತಿರುತ್ತದೆ.

ಈಗ ಸಸ್ಯಮೂಲಗಳನ್ನು ಇದೇ ಅಳತೆಗೆ ಹಚ್ಚಿ ನೋಡಿ. 100 ಗ್ರಾಂ ಪ್ರೋಟೀನಿಗೆ ಸೋಯಾ ಹಿಂಡಿಯಲ್ಲಿ ಲೈಸಿನ್ ಸುಮಾರು 6.2 ಗ್ರಾಂ, ಮೆಥಿಯೊನಿನ್ 1.4 ಗ್ರಾಂ. ಕಡಲೆಕಾಯಿ ಹಿಂಡಿಯಲ್ಲಿ ಲೈಸಿನ್ 3.5 ಗ್ರಾಂ, ಮೆಥಿಯೊನಿನ್ ಸುಮಾರು 1.1 ಗ್ರಾಂ. ಎಳ್ಳಿನ ಹಿಂಡಿಯಲ್ಲಿ ಲೈಸಿನ್ 2.6 ಗ್ರಾಂ ಮಾತ್ರ, ಆದರೆ ಮೆಥಿಯೊನಿನ್ ಮೀನಿನ ಪುಡಿಯ ಸಮಕ್ಕೆ, ಸುಮಾರು 2.8 ಗ್ರಾಂ. ಬ್ಯಾಚಿನಿಂದ ಬ್ಯಾಚಿಗೆ ಈ ಅಂಕಿಗಳು ಸ್ವಲ್ಪ ಹೆಚ್ಚುಕಡಿಮೆಯಾಗುತ್ತವೆ, ಕ್ರಮ ಮಾತ್ರ ಬದಲಾಗುವುದಿಲ್ಲ.

ಶೇ 58 ಪ್ರೋಟೀನಿನ 15 ಕಿಲೋ ಮೀನಿನ ಪುಡಿಯಲ್ಲಿ 8.7 ಕಿಲೋ ಪ್ರೋಟೀನ್, ಅದರೊಳಗೆ ಸುಮಾರು 650 ಗ್ರಾಂ ಲೈಸಿನ್ ಇರುತ್ತದೆ. ಅಷ್ಟೇ ಪ್ರೋಟೀನನ್ನು ಸೋಯಾದಿಂದ ತುಂಬಿದರೆ 540 ಗ್ರಾಂ ಲೈಸಿನ್ ಬರುತ್ತದೆ, ಕಡಲೆಕಾಯಿ ಹಿಂಡಿಯಿಂದ ತುಂಬಿದರೆ ಕೇವಲ 300 ಗ್ರಾಂ. ಚೀಲದ ಮೇಲೆ ಬರೆದ ಪ್ರೋಟೀನ್ ಎರಡರಲ್ಲೂ ಒಂದೇ. ಲೈಸಿನ್ ಮಾತ್ರ ಅರ್ಧಕ್ಕಿಂತ ಕೆಳಗಿಳಿಯಿತು. ಯಾವುದೇ ಅಮೈನೋ ಆಮ್ಲ ಕಡಿಮೆಯಾದಾಗ ಮೀನು ಉಳಿದ ಪ್ರೋಟೀನನ್ನು ಮಾಂಸ ಕಟ್ಟಲು ಬಳಸಲಾರದೆ ಒಡೆದು, ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ನೀರಿಗೇ ಬಿಡುತ್ತದೆ. ದುಡ್ಡು ಕೊಟ್ಟು ತಂದ ಪ್ರೋಟೀನ್ ನೀರು ಕೆಡಿಸುವ ಕೆಲಸ ಮಾಡುವುದು ಹೀಗೆ.

ಅಮೈನೋ ಆಮ್ಲಗಳಲ್ಲದೆ ಮೀನಿನ ಪುಡಿಯೊಡನೆ ಮೂಳೆಯಿಂದ ಬರುವ ಕ್ಯಾಲ್ಸಿಯಂ ಮತ್ತು ರಂಜಕ, ಶೇ 8ರಿಂದ 10ರಷ್ಟು ಮೀನೆಣ್ಣೆ, ಸಸ್ಯಗಳಲ್ಲಿ ಇಲ್ಲದ ಬಿ12 ಜೀವಸತ್ವ, ಮತ್ತು ಮೀನನ್ನು ಆಹಾರದತ್ತ ಸೆಳೆಯುವ ವಾಸನೆ ಹೋಗುತ್ತವೆ. ಇವೆಲ್ಲವನ್ನೂ ಬೇರೆ ದಾರಿಯಲ್ಲಿ ತರಬೇಕು.

ಮೂರನೆಯದು: ಹಿಂಡಿಗಳ ಆಯ್ಕೆ ಮತ್ತು ಪರೀಕ್ಷೆ

ಕರ್ನಾಟಕದ ರೈತರಿಗೆ ಈ ವಿಷಯದಲ್ಲಿ ಅನುಕೂಲವಿದೆ. ಬೀದರ್, ಬೆಳಗಾವಿ, ಧಾರವಾಡದ ಸೋಯಾ, ಚಳ್ಳಕೆರೆಯ ಎಣ್ಣೆ ಗಿರಣಿಗಳ ಕಡಲೆಕಾಯಿ ಹಿಂಡಿ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳ ತೌಡು, ದಾವಣಗೆರೆ ಕಡೆಯ ಮೆಕ್ಕೆಜೋಳ, ಉತ್ತರದ ಜಿಲ್ಲೆಗಳ ಅಗಸೆ ಎಲ್ಲವೂ ರಾಜ್ಯದೊಳಗೇ ಸಿಗುತ್ತವೆ.

ಮೀನಿನ ಪುಡಿಯ ಸ್ಥಾನಕ್ಕೆ ಮುಖ್ಯವಾಗಿ ಬರಬೇಕಾದುದು ಎಣ್ಣೆ ತೆಗೆದ ಸೋಯಾ ಹಿಂಡಿ, ವ್ಯಾಪಾರದಲ್ಲಿ ಸೋಯಾ ಡಿಒಸಿ ಎನ್ನುವುದು ಇದನ್ನೇ. ಇದರಲ್ಲಿ ಪ್ರೋಟೀನ್ ಶೇ 44ರಿಂದ 48. ಹಸಿ ಸೋಯಾದಲ್ಲಿ ಮೀನಿನ ಕರುಳಿನ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ಕಟ್ಟಿಹಾಕುವ ಪದಾರ್ಥವಿದೆ. ಶಾಖದಿಂದ ಅದು ನಾಶವಾಗುತ್ತದೆ. ಕಾರ್ಖಾನೆಯಲ್ಲಿ ಸರಿಯಾಗಿ ಬೆಂದಿದೆಯೇ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಒಂದು ಬಾಟಲಿಯಲ್ಲಿ ನಾಲ್ಕು ಚಮಚ ಹಿಂಡಿ ಪುಡಿ, ಒಂದು ಚಮಚ ಯೂರಿಯಾ, ತೋಯುವಷ್ಟು ನೀರು ಹಾಕಿ, ಮುಚ್ಚಳ ಬಿಗಿದು, ಇಪ್ಪತ್ತು ನಿಮಿಷದ ನಂತರ ತೆಗೆದು ಮೂಸಿ ನೋಡಿ. ಅಮೋನಿಯಾದ ಘಾಟು ಮೂಗಿಗೆ ಹೊಡೆದರೆ ಹಿಂಡಿ ಹಸಿಯಾಗಿಯೇ ಉಳಿದಿದೆ ಎಂದರ್ಥ, ಏಕೆಂದರೆ ಸೋಯಾದಲ್ಲಿರುವ ಯೂರಿಯೇಸ್ ಕಿಣ್ವವೂ ಟ್ರಿಪ್ಸಿನ್ ತಡೆಯೂ ಹೆಚ್ಚುಕಡಿಮೆ ಒಂದೇ ಶಾಖಕ್ಕೆ ಸಾಯುತ್ತವೆ. ವಾಸನೆ ಬಾರದಿದ್ದರೂ ಹಿಂಡಿಯ ಬಣ್ಣ ನೋಡಬೇಕು: ತಿಳಿಹಳದಿಯಿಂದ ತಿಳಿಗಂದು ಸರಿ, ಸುಟ್ಟ ವಾಸನೆಯ ಕಡುಗಂದಾದರೆ ಅತಿಶಾಖಕ್ಕೆ ಲೈಸಿನ್ ಹಾಳಾಗಿದೆ. ಇಡೀ ಸೋಯಾ ಕಾಳನ್ನೇ ಬಳಸುವವರು ಅದನ್ನು 12 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ಒಣಗಿಸಿ ಬೀಸಬೇಕು.

ಕಡಲೆಕಾಯಿ ಹಿಂಡಿಯನ್ನು ಮೀನು ಇಷ್ಟಪಟ್ಟು ತಿನ್ನುತ್ತದೆ. ಮೀನಿನ ಪುಡಿಯ ವಾಸನೆಯಿಲ್ಲದ ಆಹಾರಕ್ಕೆ ರುಚಿ ತರುವುದು ಇದೇ. ಇದರ ಅಪಾಯ ಅಫ್ಲಟಾಕ್ಸಿನ್. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷದ ಕಾಯಿ, ತೇವದ ಗೋದಾಮಿನಲ್ಲಿ ಕುಳಿತ ಹಿಂಡಿ ಇವುಗಳಲ್ಲಿ ಶಿಲೀಂಧ್ರ ಬೆಳೆದು ಈ ವಿಷ ಉಂಟಾಗುತ್ತದೆ, ಮೀನಿನ ಯಕೃತ್ತನ್ನು ಕೆಡಿಸುತ್ತದೆ, ಮತ್ತು ಕುದಿಸಿದರೂ ಹೋಗುವುದಿಲ್ಲ. ಬೂಸಲು ಕೊಡವಿ, ಬಿಸಿಲಿಗೆ ಹಾಕಿ ಬಳಸಿದರೆ ಆಯಿತು ಎಂಬ ಭಾವನೆ ಬಹಳ ಕಡೆ ಇದೆ. ದಯವಿಟ್ಟು ಅದನ್ನು ಬಿಡಿ, ಬೂಸಲು ಕಣ್ಣಿಗೆ ಕಾಣದ ಹಿಂಡಿಯಲ್ಲೂ ವಿಷ ಇರಬಹುದು. ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಪ್ರಯೋಗಾಲಯದ ವರದಿ ಕೇಳಿ ಪಡೆಯಬೇಕು. ಅಫ್ಲಟಾಕ್ಸಿನ್ ಕಿಲೋಗೆ 20 ಮೈಕ್ರೋಗ್ರಾಂ ದಾಟಿದ ಸರಕನ್ನು ಬೆಲೆ ಎಷ್ಟೇ ಇಳಿದಿದ್ದರೂ ತರಬಾರದು ಎಂಬುದು ನನ್ನ ಸಲಹೆ.

ಎಳ್ಳಿನ ಹಿಂಡಿ ಸೋಯಾದ ಮೆಥಿಯೊನಿನ್ ಕೊರತೆಯನ್ನು ತುಂಬುವುದರಿಂದ ಸ್ವಲ್ಪವಾದರೂ ಇರಲಿ. ಅದು ಸಿಗದ ಕಡೆ ಸೂರ್ಯಕಾಂತಿ ಹಿಂಡಿ ಬಳಸಬಹುದು, ಆದರೆ ಸಿಪ್ಪೆ ಹೆಚ್ಚಿರುವ ಸರಕಿನಲ್ಲಿ ನಾರು ವಿಪರೀತ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದ್ದು ಅದು ಲೈಸಿನ್‌ಗೂ ಅಂಟಿಕೊಂಡು ಮೀನಿಗೆ ಸಿಗದಂತೆ ಮಾಡುತ್ತದೆ. ಬೆಳೆಯುವ ಮೀನಿಗೆ ಆಹಾರದ ಶೇ 10ರೊಳಗೆ ಇದ್ದರೆ ತೊಂದರೆ ಇಲ್ಲ, ತಾಯಿಮೀನುಗಳಿಗೆ ಬೇಡವೇ ಬೇಡ. ಸಾಸಿವೆ ಹಿಂಡಿಯನ್ನೂ ಮಿತವಾಗಿ ಬಳಸಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ಹಿಪ್ಪೆ ಹಿಂಡಿ, ಹರಳು ಹಿಂಡಿ, ಬೇವಿನ ಹಿಂಡಿ, ಹೊಂಗೆ ಹಿಂಡಿಗಳು ಹೊಲಕ್ಕೆ ಗೊಬ್ಬರವಾಗಬಹುದು, ಮೀನಿಗೆ ಆಹಾರವಾಗಲಾರವು. ಹಿಪ್ಪೆ ಹಿಂಡಿಯನ್ನು ಮರಿ ಬಿಡುವ ಮುನ್ನ ಕೊಳದಲ್ಲಿರುವ ಬೇಡದ ಮೀನುಗಳನ್ನು ಕೊಲ್ಲಲೆಂದೇ ಹೆಕ್ಟೇರಿಗೆ 2,500 ಕಿಲೋದಂತೆ ಹಾಕುತ್ತಾರೆ. ಅದರ ಸಪೋನಿನ್ ಮೀನಿನ ರಕ್ತಕಣಗಳನ್ನೇ ಒಡೆಯುತ್ತದೆ. ಹರಳಿನ ಹಿಂಡಿಯಲ್ಲಿ ರಿಸಿನ್ ಎಂಬ ಘೋರ ವಿಷವಿದೆ. ಕಡಿಮೆ ಬೆಲೆಯ ಮಿಶ್ರ ಹಿಂಡಿ ಎಂದು ಮಾರುವ ಚೀಲದಲ್ಲಿ ಇವುಗಳ ಬೆರಕೆ ಇರುವ ಸಂಶಯ ಬಂದರೂ ಸಾಕು, ಹಿಂದಿರುಗಿಸಿ.

ಅಜೋಲಾ ಬಗ್ಗೆ ಕೇಳುವವರು ಬಹಳ. ಒಣ ತೂಕದಲ್ಲಿ ಅದರ ಪ್ರೋಟೀನ್ ಶೇ 20ರಿಂದ 25 ಇರುವುದು ನಿಜ, ಆದರೆ ಹಸಿ ಅಜೋಲಾದಲ್ಲಿ ಶೇ 90ಕ್ಕಿಂತ ಹೆಚ್ಚು ನೀರು. 100 ಕಿಲೋ ಹಸಿ ಅಜೋಲಾ ಒಣಗಿಸಿದರೆ ಸಿಗುವ ಪ್ರೋಟೀನ್ ಒಂದೂವರೆ ಕಿಲೋ ಆಸುಪಾಸು. ಹುಲ್ಲುಗೆಂಡೆಗೆ ಹಸಿಯಾಗಿಯೇ ಹಾಕಿ, ಖಂಡಿತ ಒಳ್ಳೆಯದು. ಮೀನಿನ ಪುಡಿಗೆ ಅದು ಬದಲಿಯಾಗುತ್ತದೆಂಬ ನಿರೀಕ್ಷೆ ಬೇಡ.

ನಾಲ್ಕನೆಯದು: ರಂಜಕ ಮತ್ತು ಕೊಬ್ಬಿನ ಕೊರತೆ ತುಂಬುವುದು

ಹಿಂಡಿ, ತೌಡುಗಳಲ್ಲಿ ರಂಜಕ ಸಾಕಷ್ಟಿದೆ ಎಂದು ಪ್ರಯೋಗಾಲಯದ ವರದಿ ಹೇಳಬಹುದು. ಆದರೆ ಅದರ ಮೂರನೆಯ ಎರಡು ಪಾಲು ಫೈಟಿಕ್ ಆಮ್ಲದೊಳಗೆ ಬಂಧಿಯಾಗಿದ್ದು ಮೀನಿಗೆ ದಕ್ಕದೆ ಮಲದೊಂದಿಗೆ ಹೊರಬಿದ್ದು ಕೊಳದಲ್ಲಿ ಪಾಚಿ ಉಕ್ಕಲು ಕಾರಣವಾಗುತ್ತದೆ. ಫೈಟಿಕ್ ಆಮ್ಲ ಸತು, ಕಬ್ಬಿಣದಂಥ ಖನಿಜಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರಂಜಕ ಕಡಿಮೆಯಾದ ಗೆಂಡೆಯಲ್ಲಿ ಬೆಳವಣಿಗೆ ಕುಂಠಿತವಾಗಿ ತಲೆ ಮತ್ತು ಬೆನ್ನೆಲುಬಿನ ಆಕಾರ ಕೆಡುತ್ತದೆ.

ಕೋಳಿ ಆಹಾರದಲ್ಲಿ ಇದಕ್ಕೆ ಫೈಟೇಸ್ ಕಿಣ್ವ ಹಾಕಿ ಪರಿಹಾರ ಕಂಡುಕೊಂಡಿದ್ದಾರೆ. ತಿಲಾಪಿಯಾದ ಹೊಟ್ಟೆ ಬಲವಾದ ಆಮ್ಲೀಯವಾದುದರಿಂದ ಅಲ್ಲೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಗೆಂಡೆ ಜಾತಿಯ ಮೀನುಗಳಿಗೆ ಹೊಟ್ಟೆಯೇ ಇಲ್ಲ, ಗಂಟಲಿನಿಂದ ಆಹಾರ ನೇರ ಕರುಳಿಗೆ ಇಳಿಯುತ್ತದೆ. ಆಮ್ಲವಿಲ್ಲದ ಕರುಳಿನಲ್ಲಿ ಈ ಕಿಣ್ವದ ಪ್ರಭಾವ ಕಡಿಮೆ, ಮೇಲಾಗಿ ಆಹಾರವನ್ನು ಗುಳಿಗೆ ಮಾಡುವ ಯಂತ್ರದ ಶಾಖಕ್ಕೂ ಅದು ಸಾಯುತ್ತದೆ. ಹೊಟ್ಟೆಯಿಲ್ಲದ ಇದೇ ಕಾರಣಕ್ಕೆ ಖನಿಜದ ಆಯ್ಕೆಯಲ್ಲೂ ಎಚ್ಚರ ಬೇಕು. ದನದ ಆಹಾರದ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್‌ನ ರಂಜಕದಲ್ಲಿ ಸಾಮಾನ್ಯ ಗೆಂಡೆ ಅರ್ಧದಷ್ಟನ್ನೂ ಹೀರಿಕೊಳ್ಳಲಾರದು. ನೀರಿನಲ್ಲಿ ಕರಗುವ ಎಂಸಿಪಿ, ಅಂದರೆ ಮೊನೊಕ್ಯಾಲ್ಸಿಯಂ ಫಾಸ್ಫೇಟ್‌ನ ರಂಜಕದಲ್ಲಿ ಶೇ 90ಕ್ಕೂ ಹೆಚ್ಚನ್ನು ಹೀರಿಕೊಳ್ಳುತ್ತದೆ. ಬೆಲೆ ಸ್ವಲ್ಪ ಹೆಚ್ಚಾದರೂ ಎಂಸಿಪಿಯನ್ನೇ ಕೇಳಿ ತನ್ನಿ. ಮೀನಿನ ಪುಡಿ ಬಿಟ್ಟವರು ಸಾಮಾನ್ಯವಾಗಿ ಮರೆಯುವುದು ಈ ಒಂದು ವಸ್ತುವನ್ನೇ, ಮತ್ತು ಅದರ ಕೊರತೆ ತಿಂಗಳುಗಟ್ಟಲೆ ಬೇರೆ ಬೇರೆ ರೋಗದ ವೇಷದಲ್ಲಿ ಕಾಡುತ್ತದೆ.

ಕೊಬ್ಬಿನ ಲೆಕ್ಕ ಸುಲಭ. ಸಾಮಾನ್ಯ ಗೆಂಡೆಗೆ ಆಹಾರದಲ್ಲಿ ಲಿನೋಲೆಯಿಕ್ ಮತ್ತು ಲಿನೋಲೆನಿಕ್ ಎಂಬ ಕೊಬ್ಬಿನಾಮ್ಲಗಳು ತಲಾ ಸುಮಾರು ಶೇ 1 ಬೇಕು. ಮೊದಲನೆಯದು ಹಿಂಡಿ, ತೌಡುಗಳಲ್ಲಿ ಉಳಿದ ಎಣ್ಣೆಯಿಂದಲೇ ಬಹುಪಾಲು ಬರುತ್ತದೆ. ಎರಡನೆಯದಕ್ಕೆ ಅಗಸೆ ಎಣ್ಣೆ ಬಹಳ ಶ್ರೀಮಂತವಾದ ಮೂಲ. ಅದರ ಅರ್ಧಕ್ಕೂ ಹೆಚ್ಚು ಪಾಲು ಲಿನೋಲೆನಿಕ್ ಆಮ್ಲವೇ. ಸಿಹಿನೀರಿನ ಗೆಂಡೆಗಳು ಇದರಿಂದ ಮೀನೆಣ್ಣೆಯಲ್ಲಿರುವ ಉದ್ದನೆಯ ಒಮೆಗಾ-3 ಕೊಬ್ಬನ್ನು ತಾವೇ ತಯಾರಿಸಿಕೊಳ್ಳಬಲ್ಲವು, ಸಮುದ್ರದ ಬೇಟೆಮೀನುಗಳಿಗೆ ಆ ಶಕ್ತಿ ಬಹಳ ಕಡಿಮೆ.

ಐದನೆಯದು: ಸೂತ್ರ

ಬೆರಳುದ್ದ ದಾಟಿದ, ಮಣ್ಣಿನ ಕೊಳದಲ್ಲಿ ಬೆಳೆಯುತ್ತಿರುವ ಗೆಂಡೆಗಳಿಗೆ ಶೇ 28 ಪ್ರೋಟೀನಿನ 100 ಕಿಲೋ ಆಹಾರ ಹೀಗೆ ತಯಾರಿಸಬಹುದು:

ಸೋಯಾ ಡಿಒಸಿ (ಶೇ 46 ಪ್ರೋಟೀನ್) – 25 ಕಿಲೋ
ಕಡಲೆಕಾಯಿ ಹಿಂಡಿ (ಶೇ 42) – 20 ಕಿಲೋ
ಎಳ್ಳಿನ ಹಿಂಡಿ (ಶೇ 38) – 8 ಕಿಲೋ
ಎಣ್ಣೆ ತೆಗೆದ ಅಕ್ಕಿ ತೌಡು (ಶೇ 14) – 30 ಕಿಲೋ
ಮೆಕ್ಕೆಜೋಳದ ಹಿಟ್ಟು (ಶೇ 9) – 9.4 ಕಿಲೋ
ಮರಗೆಣಸಿನ ಹಿಟ್ಟು, ಅಂಟಿಗಾಗಿ – 2 ಕಿಲೋ
ಎಂಸಿಪಿ – 2 ಕಿಲೋ
ಅಗಸೆ ಎಣ್ಣೆ – 1.5 ಕಿಲೋ
ಬಿ12 ಮತ್ತು ಶಾಖ ತಡೆಯುವ ಸಿ ಜೀವಸತ್ವ ಇರುವ, ಮೀನಿನದೇ ಜೀವಸತ್ವ-ಖನಿಜ ಮಿಶ್ರಣ – 1 ಕಿಲೋ
ಉಪ್ಪು – 500 ಗ್ರಾಂ
ಲೈಸಿನ್ ಹೈಡ್ರೋಕ್ಲೋರೈಡ್ – 400 ಗ್ರಾಂ
ಡಿಎಲ್ ಮೆಥಿಯೊನಿನ್ – 200 ಗ್ರಾಂ

ಪ್ರೋಟೀನಿನ ಲೆಕ್ಕವನ್ನು ನೀವೇ ಮಾಡಿ ನೋಡಿ: 25 ಕಿಲೋ ಸೋಯಾದಿಂದ 11.5, ಕಡಲೆಕಾಯಿಯಿಂದ 8.4, ಎಳ್ಳಿನಿಂದ 3, ತೌಡಿನಿಂದ 4.2, ಮೆಕ್ಕೆಜೋಳದಿಂದ 0.85; ಕೂಡಿದರೆ ಸುಮಾರು 28. ನೀವು ಕೊಂಡ ಹಿಂಡಿಯ ಪ್ರೋಟೀನ್ ಬೇರೆಯಿದ್ದರೆ ಆ ಅಂಕಿಯನ್ನು ಇಟ್ಟು ಇದೇ ರೀತಿ ಗುಣಿಸಿ, ತೌಡು ಅಥವಾ ಮೆಕ್ಕೆಜೋಳವನ್ನು ಹೆಚ್ಚುಕಡಿಮೆ ಮಾಡಿ ಹೊಂದಿಸಿಕೊಳ್ಳಬಹುದು.

ಈ ಹಿಂಡಿಗಳೆಲ್ಲ ಸೇರಿ ಕೊಡುವ ಲೈಸಿನ್ 100 ಕಿಲೋಗೆ ಸುಮಾರು 1.3 ಕಿಲೋ; ಬೇಕಿರುವುದು 1.6 ಕಿಲೋ. ಆ 300 ಗ್ರಾಂ ಕೊರತೆಯನ್ನು ತುಂಬಲು 400 ಗ್ರಾಂ ಲೈಸಿನ್ ಹೈಡ್ರೋಕ್ಲೋರೈಡ್ ಬೇಕು, ಏಕೆಂದರೆ ಅದರಲ್ಲಿ ನಿಜವಾದ ಲೈಸಿನ್ ಶೇ 78 ಮಾತ್ರ. ಒಳ್ಳೆಯ ಪ್ಲವಕವಿರುವ ಕೊಳದಲ್ಲಿ, ಹೆಕ್ಟೇರಿಗೆ ಕಡಿಮೆ ಮೀನು ಬಿಟ್ಟಿರುವವರು ಈ ಎರಡು ಅಮೈನೋ ಆಮ್ಲಗಳನ್ನು ಅರ್ಧಕ್ಕೆ ಇಳಿಸಬಹುದು. ಹೊಂಡ ಮತ್ತು ತೊಟ್ಟಿಯವರು ಇಳಿಸಬಾರದು. ಅಂಗಡಿಯ ಲೈಸಿನ್ ಹಿಂಡಿಯ ಲೈಸಿನ್‌ಗಿಂತ ಬೇಗ ರಕ್ತಕ್ಕೆ ಸೇರಿ, ಉಳಿದ ಅಮೈನೋ ಆಮ್ಲಗಳು ಬರುವಷ್ಟರಲ್ಲಿ ಖರ್ಚಾಗಿಬಿಡುವ ಪ್ರವೃತ್ತಿ ಗೆಂಡೆಯಲ್ಲಿ ಇದೆ. ದಿನಕ್ಕೊಂದು ಬಾರಿಯ ಬದಲು ಎರಡು ಮೂರು ಬಾರಿ ಆಹಾರ ಕೊಟ್ಟರೆ ಈ ನಷ್ಟ ಬಹಳ ಕಡಿಮೆಯಾಗುತ್ತದೆ.

ಆರನೆಯದು: ತಯಾರಿಕೆ

ಹಿಂಡಿಗಳನ್ನು ಅರ್ಧ ಮಿಲಿಮೀಟರ್ ಜರಡಿಯಲ್ಲಿ ಇಳಿಯುವಷ್ಟು ನುಣ್ಣಗೆ ಬೀಸಬೇಕು. ಹೊಟ್ಟೆಯಿಲ್ಲದ ಮೀನಿಗೆ ಒರಟು ಚೂರುಗಳನ್ನು ಕರಗಿಸಲು ಸಮಯವೂ ಆಮ್ಲವೂ ಇಲ್ಲ, ಆದ್ದರಿಂದ ಬೀಸುವಿಕೆಯಲ್ಲಿ ಜಿಪುಣತನ ಮಾಡಿದರೆ ಸಸ್ಯಾಹಾರದ ಸೂತ್ರ ಎಷ್ಟು ಸರಿಯಿದ್ದರೂ ಫಲ ಸಿಗದು. ಲೈಸಿನ್, ಮೆಥಿಯೊನಿನ್, ಜೀವಸತ್ವ ಮಿಶ್ರಣಗಳನ್ನು ಮೊದಲು ಒಂದೆರಡು ಕಿಲೋ ಮೆಕ್ಕೆಜೋಳದ ಹಿಟ್ಟಿನಲ್ಲಿ ಚೆನ್ನಾಗಿ ಕಲಸಿ, ಅದನ್ನು ಹತ್ತು ಕಿಲೋ ಹಿಟ್ಟಿಗೆ, ಆಮೇಲೆ ಒಟ್ಟು ರಾಶಿಗೆ ಬೆರೆಸಿ. 200 ಗ್ರಾಂ ವಸ್ತು 100 ಕಿಲೋದಲ್ಲಿ ಸಮನಾಗಿ ಹರಡಲು ಬೇರೆ ಉಪಾಯವಿಲ್ಲ.

ಮರಗೆಣಸಿನ ಹಿಟ್ಟನ್ನು ಬಿಸಿನೀರಿನಲ್ಲಿ ಗಂಜಿ ಮಾಡಿ ಬೆರೆಸಿ, ಒಟ್ಟು ಹಿಟ್ಟು ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ನೀರು ಸೇರಿಸಿ, ಸಾಧ್ಯವಿದ್ದರೆ ಹಬೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ ಗುಳಿಗೆ ಯಂತ್ರಕ್ಕೆ ಹಾಕಬೇಕು. ಹಬೆಯಲ್ಲಿ ಬೇಯಿಸುವವರು ಜೀವಸತ್ವ ಮಿಶ್ರಣವನ್ನು ಹಿಟ್ಟು ಆರಿದ ಮೇಲೆ ಸೇರಿಸುವುದು ಒಳ್ಳೆಯದು. ಗುಳಿಗೆಯ ದಪ್ಪ ಮೀನಿನ ಬಾಯಿಗೆ ಹೊಂದಲಿ, ಬೆರಳುದ್ದದ ಮರಿಗೆ 2 ಮಿಲಿಮೀಟರ್, ಕಾಲು ಕಿಲೋ ದಾಟಿದ ಮೀನಿಗೆ 4 ಮಿಲಿಮೀಟರ್. ಒಣಗಿದ ಗುಳಿಗೆಯ ತೇವಾಂಶ ಶೇ 10ರೊಳಗೆ ಬರಬೇಕು, ಮುರಿದರೆ ಟಕ್ಕೆಂದು ಮುರಿಯಬೇಕು. ಅಗಸೆ ಎಣ್ಣೆ ಬೇಗ ಜಿಡ್ಡುವಾಸನೆಗೆ ತಿರುಗುವಂಥದು, ಆದ್ದರಿಂದ ಗುಳಿಗೆ ಒಣಗಿದ ನಂತರ ಮೇಲಿನಿಂದ ಚಿಮುಕಿಸಿ ಹೊರಳಾಡಿಸಿ. ಒಂದೆರಡು ಗುಳಿಗೆಗಳನ್ನು ನೀರಿನ ಲೋಟದಲ್ಲಿ ಬಿಟ್ಟು ನೋಡಿ. ಅರ್ಧ ಗಂಟೆಯೊಳಗೆ ಕರಗಿ ಹೋದರೆ ಅಂಟು ಸಾಲದು.

ತಯಾರಾದುದನ್ನು ನೆಲಕ್ಕೆ ತಾಗದಂತೆ ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರ ಇಡಿ. ಬಯಲುಸೀಮೆಯ ಬೇಸಿಗೆಯಲ್ಲಿ ಎರಡು ತಿಂಗಳು ಇಡಬಹುದಾದ ಆಹಾರವನ್ನು ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡು ಮೂರು ವಾರಕ್ಕಿಂತ ಹೆಚ್ಚು ಇಡದಿರುವುದು ಕ್ಷೇಮ.

ಏಳನೆಯದು: ಹಳೆಯ ಆಹಾರದಿಂದ ಹೊಸದಕ್ಕೆ ದಾಟಿಸುವುದು

ಒಂದೇ ದಿನದಲ್ಲಿ ಬದಲಾಯಿಸಿದರೆ ಮೀನು ಮುನಿಸಿಕೊಂಡು ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಈಗ ಶೇ 15 ಮೀನಿನ ಪುಡಿ ಇದ್ದರೆ ಮೊದಲ ಎರಡು ವಾರ ಶೇ 10ಕ್ಕೆ, ಮುಂದಿನ ಎರಡು ವಾರ ಶೇ 5ಕ್ಕೆ, ಆಮೇಲೆ ಸೊನ್ನೆಗೆ ಇಳಿಸಿ (ಪ್ಲಾಸ್ಟಿಕ್ ಹಾಸಿನ ಹೊಂಡದವರು ಶೇ 5ಕ್ಕೇ ನಿಲ್ಲಿಸಿ). ಪ್ರತಿ ಹಂತದಲ್ಲೂ ಕೊಳದ ಎರಡು ಮೂರು ಕಡೆ ತಟ್ಟೆ ಇಳಿಬಿಟ್ಟು, ಆಹಾರ ಹಾಕಿದ ಎರಡು ಗಂಟೆಯ ನಂತರ ಎಷ್ಟು ಉಳಿದಿದೆ ಎಂದು ನೋಡಬೇಕು. ಉಳಿಯುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ, ಒಂದು ವಾರ ಅಲ್ಲೇ ನಿಲ್ಲಿಸಿ.

ಹೊಸ ಆಹಾರ ಒಳ್ಳೆಯದೇ ಎಂದು ತಿಳಿಯಲು ಹೋಲಿಕೆ ಬೇಕೇ ಬೇಕು. ಎರಡು ಕೊಳವಿರುವವರು ಒಂದರಲ್ಲಿ ಹಳೆಯದನ್ನೇ ಮುಂದುವರಿಸಲಿ. ಒಂದೇ ಕೊಳವಿರುವವರು ಅದರಲ್ಲೇ ಎರಡು ಹಾಪಾ (ನೀರಿನಲ್ಲಿ ಕಟ್ಟುವ ಪೆಟ್ಟಿಗೆಯಾಕಾರದ) ಬಲೆಗಳನ್ನು ಕಟ್ಟಿ, ಒಂದೇ ಗಾತ್ರದ ಮರಿಗಳನ್ನು ಸಮಸಂಖ್ಯೆಯಲ್ಲಿ ಬಿಟ್ಟು, ಎಂಟು ವಾರ ಎರಡು ಬಗೆಯ ಆಹಾರ ಕೊಟ್ಟು ತೂಗಬಹುದು. ಕೊಳದ ಮೀನಿನ ಮಾದರಿ ತೂಕವನ್ನು ಹದಿನೈದು ದಿನಕ್ಕೊಮ್ಮೆ ಬೀಸುಬಲೆಯಿಂದ ತೆಗೆಯಿರಿ. ಸಿಕ್ಕಿದ ದೊಡ್ಡ ಮೀನುಗಳನ್ನಷ್ಟೇ ತೂಗದೆ ಬಲೆಗೆ ಬಂದ ಎಲ್ಲವನ್ನೂ ತೂಗಬೇಕು. ಆ ತೂಕದ ಮೇಲೆ ದಿನದ ಆಹಾರವನ್ನು ಒಟ್ಟು ಮೀನಿನ ತೂಕದ ಶೇ 2ರಿಂದ 3ಕ್ಕೆ ಹೊಂದಿಸಿಕೊಳ್ಳಿ.

ನಾರು ಹೆಚ್ಚಿರುವ ಸಸ್ಯಾಹಾರದಿಂದ ಮೀನಿನ ಮಲವೂ ಹೆಚ್ಚುತ್ತದೆ, ಅದು ತಳದಲ್ಲಿ ಕೊಳೆಯುವಾಗ ಆಮ್ಲಜನಕ ಕುಡಿಯುತ್ತದೆ. ಬದಲಾವಣೆಯ ಮೊದಲ ತಿಂಗಳಿನಲ್ಲಿ ನಸುಕಿನಲ್ಲಿ ಕೊಳದ ಬಳಿ ಹೋಗಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿವೆಯೇ ಎಂದು ನೋಡುವುದನ್ನು ತಪ್ಪಿಸಬೇಡಿ. ಹಾಗೆ ಕಂಡರೆ ಆ ದಿನ ಆಹಾರ ನಿಲ್ಲಿಸಿ, ಹೊಸ ನೀರು ಬಿಡಿ ಅಥವಾ ಗಾಳಿ ಯಂತ್ರ ಹಾಕಿ.

ಎಂಟನೆಯದು: ಖರ್ಚು ಉಳಿಯಿತೇ ಎಂದು ನೋಡುವ ಬಗೆ

ಆಹಾರದ ಕಿಲೋ ಬೆಲೆ ಇಳಿದ ಮಾತ್ರಕ್ಕೆ ಲಾಭವಾಯಿತು ಎಂದಲ್ಲ. ಕೊಟ್ಟ ಒಟ್ಟು ಆಹಾರವನ್ನು ಹೆಚ್ಚಿದ ಮೀನಿನ ತೂಕದಿಂದ ಭಾಗಿಸಿದರೆ ಬರುವುದು ಆಹಾರ ಪರಿವರ್ತನೆ ಅನುಪಾತ, ಎಫ್‌ಸಿಆರ್. ಅದನ್ನು ಆಹಾರದ ಬೆಲೆಯಿಂದ ಗುಣಿಸಿದಾಗ ಒಂದು ಕಿಲೋ ಮೀನು ಬೆಳೆಸಲು ತಗಲಿದ ಆಹಾರದ ಖರ್ಚು ಸಿಗುತ್ತದೆ. ಲೆಕ್ಕದ ಉದಾಹರಣೆಗಾಗಿ, ಹಳೆಯ ಆಹಾರ ಕಿಲೋಗೆ 42 ರೂಪಾಯಿ, ಅನುಪಾತ 1.8 ಎಂದಿಟ್ಟುಕೊಂಡರೆ ಖರ್ಚು 75 ರೂಪಾಯಿ 60 ಪೈಸೆ. ಹೊಸದು 36 ರೂಪಾಯಿಗೇ ಸಿಕ್ಕಿ ಅನುಪಾತ 2.2ಕ್ಕೆ ಏರಿದರೆ ಖರ್ಚು 79 ರೂಪಾಯಿ 20 ಪೈಸೆ. ಚೀಲದಲ್ಲಿ ಆರು ರೂಪಾಯಿ ಉಳಿಸಿ ಕೊಳದಲ್ಲಿ ಮೂರೂವರೆ ರೂಪಾಯಿಗೂ ಹೆಚ್ಚು ಕಳೆದಂತಾಯಿತು. ಅನುಪಾತ 2.1ಕ್ಕಿಂತ ಕಡಿಮೆಯಿದ್ದರೆ ಮಾತ್ರ ಆ ಬೆಲೆಯಲ್ಲಿ ಹೊಸ ಆಹಾರ ಲಾಭದಾಯಕ.

ಅನುಪಾತ ಏರಿದ್ದು ಕಂಡ ಕೂಡಲೇ ಮೀನಿನ ಪುಡಿಗೆ ಮರಳುವ ಮುನ್ನ ಕ್ರಮವಾಗಿ ಹುಡುಕಿ. ಆಹಾರ ತಟ್ಟೆಯಲ್ಲೇ ಉಳಿಯುತ್ತಿದ್ದರೆ ರುಚಿಯ ಅಥವಾ ಬೂಸಲಿನ ತೊಂದರೆ. ತಿಂದರೂ ಬೆಳೆಯದಿದ್ದರೆ ಹಿಟ್ಟಿನ ನುಣುಪು, ಸೋಯಾದ ಬೇಯುವಿಕೆ, ಲೈಸಿನ್ ಈ ಮೂರನ್ನು ಮತ್ತೆ ಪರೀಕ್ಷಿಸಬೇಕು. ಮೂಳೆ ವಕ್ರವಾದ ಮೀನು ಬಲೆಗೆ ಬರತೊಡಗಿದರೆ ಎಂಸಿಪಿಯ ಬದಲು ಡಿಸಿಪಿ ಬಂದಿದೆಯೇ ಎಂದು ಚೀಲದ ಚೀಟಿ ಓದಿ. ನಾಲ್ಕೈದು ಮೀನು ಕೊಯ್ದು ನೋಡಿದಾಗ ಯಕೃತ್ತು ಎಂದಿನ ಕೆಂಗಂದು ಬಣ್ಣ ಕಳೆದುಕೊಂಡು ಬಿಳಿಚಿದ್ದರೆ ಅಥವಾ ಗಂಟುಗಂಟಾಗಿದ್ದರೆ ಆ ಬ್ಯಾಚಿನ ಕಡಲೆಕಾಯಿ ಹಿಂಡಿಯನ್ನು ಅಂದೇ ನಿಲ್ಲಿಸಿ, ಹಿಂಡಿಯ ಮಾದರಿಯನ್ನೂ ಮಂಜುಗಡ್ಡೆಯಲ್ಲಿಟ್ಟ ಮೀನನ್ನೂ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಗಾಗಲಿ, ಮಂಗಳೂರಿನ ಮೀನುಗಾರಿಕೆ ಕಾಲೇಜಿಗಾಗಲಿ, ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರಕ್ಕಾಗಲಿ ಒಯ್ದು ತೋರಿಸಿ. ಇದಕ್ಕಾಗಿಯೇ ಪ್ರತಿ ಬ್ಯಾಚಿನ ಹಿಂಡಿಯಿಂದ ಅರ್ಧ ಕಿಲೋ ತೆಗೆದು, ಕೊಂಡ ದಿನಾಂಕ ಬರೆದ ಚೀಟಿಯೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ, ಆ ಬ್ಯಾಚಿನ ಆಹಾರ ತಿಂದ ಮೀನು ಮಾರಾಟವಾಗುವವರೆಗೂ ಎತ್ತಿಡಬೇಕು.